ಮನೆಯಲ್ಲಿ ದೊಡ್ಡ ಕಾಯಿಲೆ: ಖರ್ಚು, ಕಾಗದಪತ್ರ, ಆರೈಕೆ – ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್, ಕಿಡ್ನಿ ವೈಫಲ್ಯ, ಹೃದಯದ ಆಪರೇಷನ್, ಪಾರ್ಶ್ವವಾಯು – ಇಂಥದ್ದೊಂದು ಮನೆಗೆ ಬಂದಾಗ ಶಿರಸಿಯವರೂ ಕುಮಟಾದವರೂ ಕಾರವಾರದವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ನಮ್ಮಲ್ಲಿ ಹಳೆಯದು. ಅದು ಆಗುವವರೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ತಪ್ಪಿದ್ದಲ್ಲ. ಚಿಕಿತ್ಸೆಯ ಖರ್ಚಿನ ಜೊತೆಗೆ ದಾರಿಯ ಖರ್ಚು, ಉಳಿಯುವ ಖರ್ಚು, ಕೆಲಸ ಬಿಟ್ಟು ಜೊತೆಗೆ ಹೋದವರ ಕೂಲಿ ನಷ್ಟ ಎಲ್ಲವೂ ಸೇರುತ್ತದೆ.

ನಾನು ಕಂಡಂತೆ ಹೆಚ್ಚಿನ ಮನೆಗಳಿಗೆ ನೆರವು ತಪ್ಪುವುದು ಅರ್ಹತೆ ಇಲ್ಲದ್ದಕ್ಕಲ್ಲ, ಕ್ರಮ ತಪ್ಪಿದ್ದಕ್ಕೆ. ಮೊದಲು ಅಡ್ಮಿಟ್ ಆಗುತ್ತಾರೆ, ದುಡ್ಡು ಕಟ್ಟುತ್ತಾರೆ, ಆಮೇಲೆ ಯೋಜನೆ ಕೇಳುತ್ತಾರೆ. ಎಷ್ಟೋ ಯೋಜನೆಗಳಲ್ಲಿ ಕಟ್ಟಿದ ದುಡ್ಡು ತಿರುಗಿ ಬರುವುದಿಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ಮಾತು ನೆನಪಿರಲಿ.

## ಮೊದಮೊದಲು ಕೇಳುವುದು

ಆಯಿಗೆ ಕ್ಯಾನ್ಸರ್ ಅಂತ ರಿಪೋರ್ಟ್ ಬಂತು. ದುಡ್ಡು ಹೊಂದಿಸೋದು ಮೊದಲೋ, ಆಸ್ಪತ್ರೆಗೆ ಹೋಗೋದು ಮೊದಲೋ?

ಎರಡಕ್ಕೂ ಮೊದಲು ರೇಷನ್ ಕಾರ್ಡು ಮತ್ತು ಆಧಾರ್ ಹಿಡಿದು ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಆಯಿಯ ಹೆಸರಲ್ಲಿ ಆಯುಷ್ಮಾನ್ ಕಾರ್ಡು ಇದೆಯೇ ನೋಡಿ. ಇಲ್ಲದಿದ್ದರೆ ಮಾಡಿಸಿ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗಿ: ಶಿರಸಿ ಕಡೆಯವರಿಗೆ ಪಂಡಿತ ಸಾರ್ವಜನಿಕ ಆಸ್ಪತ್ರೆ, ಕಾರವಾರ ಕಡೆಯವರಿಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿ ವೈದ್ಯರಿಗೂ ಆರೋಗ್ಯಮಿತ್ರರಿಗೂ ರಿಪೋರ್ಟ್ ತೋರಿಸಿ. ಆರೋಗ್ಯಮಿತ್ರ ಎಂದರೆ ಯೋಜನೆಯ ಕಾಗದ ನೋಡಿಕೊಳ್ಳಲಿಕ್ಕೆಂದೇ ಆಸ್ಪತ್ರೆಯಲ್ಲಿ ಕೂರುವ ಸಿಬ್ಬಂದಿ.

ಬಯಾಪ್ಸಿ ಮಾಡಿದ ಲ್ಯಾಬಿನಿಂದ ರಿಪೋರ್ಟ್ ಮಾತ್ರವಲ್ಲ, ತೆಗೆದ ತುಣುಕನ್ನಿಟ್ಟ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ದೊಡ್ಡ ಆಸ್ಪತ್ರೆಯವರು ಅವನ್ನು ಮತ್ತೆ ಪರೀಕ್ಷಿಸಿಯೇ ಔಷಧ ನಿರ್ಧರಿಸುವುದು ಸಾಮಾನ್ಯ. ಅದಕ್ಕಾಗಿ ಮಣಿಪಾಲದಿಂದ ಶಿರಸಿಗೆ ಇನ್ನೊಮ್ಮೆ ಓಡಾಡುವುದು ತಪ್ಪುತ್ತದೆ.

ಬಿಪಿಎಲ್ ಕಾರ್ಡಿಗೆ ಐದು ಲಕ್ಷ ಸಿಗ್ತದೆ ಅಂತಾರೆ. ಅದು ನಮ್ಮ ಕೈಗೆ ಬರುವ ದುಡ್ಡೇ?

ಅಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. 2018ರಿಂದ ನಡೆದುಬಂದ ಈ ಯೋಜನೆಯನ್ನು ರಾಜ್ಯದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಒಂದೊಂದು ಚಿಕಿತ್ಸೆಗೂ ಒಂದು ಪ್ಯಾಕೇಜ್ ದರ ನಿಗದಿಯಾಗಿದೆ, ಆ ಹಣ ಟ್ರಸ್ಟಿನಿಂದ ನೇರ ಆಸ್ಪತ್ರೆಗೆ ಹೋಗುತ್ತದೆ. ಐದು ಲಕ್ಷ ಇಡೀ ಕುಟುಂಬಕ್ಕೆ ಸೇರಿದ್ದು, ತಲೆಗೆ ಐದು ಲಕ್ಷವಲ್ಲ.

ಪ್ಯಾಕೇಜಿನೊಳಗೆ ಬರುವ ಹಾಸಿಗೆ, ಔಷಧ, ಆಪರೇಷನ್ನಿಗೆ ಬಿಪಿಎಲ್ ರೋಗಿ ದುಡ್ಡು ಕೊಡಬೇಕಿಲ್ಲ. ಕೇಳಿದರೆ ಅಲ್ಲೇ ಆರೋಗ್ಯಮಿತ್ರರಿಗೆ ತಿಳಿಸಿ. ಅಲ್ಲಿ ಬಗೆಹರಿಯದಿದ್ದರೆ ಟ್ರಸ್ಟಿನ ಉಚಿತ ಸಹಾಯವಾಣಿ 1800 425 8330ಕ್ಕೆ ಕರೆ ಮಾಡಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮದು ಎಪಿಎಲ್. ಎರಡೆಕರೆ ಅಡಿಕೆ ತೋಟ ಇದೆ ಅಂತ ನಮಗೆ ಏನೂ ಇಲ್ವಾ?

ಇದೆ, ಕಡಿಮೆ ಇದೆ. ಅದೇ ಯೋಜನೆಯಲ್ಲಿ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಪ್ರತಿಶತವನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದ 70 ಪ್ರತಿಶತ ನಿಮ್ಮದು. ಈ 70 ಪ್ರತಿಶತವನ್ನು ಲೆಕ್ಕ ಹಾಕುವುದು ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆಯ ಮಾಮೂಲಿ ಬಿಲ್ಲಿನ ಮೇಲಲ್ಲ. ಅದೂ ಒಂದು ಉಳಿತಾಯವೇ.

ನಮ್ಮ ಕಡೆಯ ತೋಟಿಗರಿಗೆ, ಮೀನುಗಾರರಿಗೆ ಇನ್ನೊಂದು ಒಳ್ಳೆಯ ದಾರಿ ಯಶಸ್ವಿನಿ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದ ಸಹಕಾರಿ ಯೋಜನೆ ಇದು. ಮತ್ತೆ ಶುರುವಾದಾಗ ಇಟ್ಟ ವಂತಿಗೆ ಗ್ರಾಮೀಣ ಸಹಕಾರಿ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರ ತುಂಬುತ್ತದೆ. ಆದರೆ ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಕಾಯಿಲೆ ಬಂದ ದಿನ ಹೋಗಿ ಸೇರಿಕೊಳ್ಳಲಿಕ್ಕೆ ಆಗುವುದಿಲ್ಲ. ಸೊಸೈಟಿಗೆ ಗೊಬ್ಬರಕ್ಕೆ ಹೋದಾಗ, ಅಡಿಕೆ ಪಟ್ಟಿ ತರಲು ಹೋದಾಗ ಕಾರ್ಯದರ್ಶಿಯ ಹತ್ತಿರ ನೋಂದಣಿ ಯಾವಾಗ ಅಂತ ಕೇಳಿಟ್ಟುಕೊಳ್ಳಿ. ನಮ್ಮಲ್ಲಿ ಸೊಸೈಟಿ ಸದಸ್ಯತ್ವ ಇಲ್ಲದ ಕೃಷಿಕರ ಮನೆ ಕಡಿಮೆ. ಇಷ್ಟಿದ್ದೂ ಯಶಸ್ವಿನಿ ಮಾಡಿಸದೆ ಬಿಟ್ಟ ಮನೆಗಳನ್ನು ಕಂಡಾಗ ನನಗೆ ತುಂಬ ಸಂಕಟವಾಗುತ್ತದೆ.

ರೆಫರಲ್ ಇಲ್ಲದೆ ಸೀದಾ ಮಣಿಪಾಲಕ್ಕೆ ಹೋದರೆ ಆಗೋದಿಲ್ವಾ?

ತುರ್ತು ಸ್ಥಿತಿಯಾದರೆ ಹೋಗಿ. ಹೃದಯಾಘಾತ, ಮೆದುಳಿನ ರಕ್ತಸ್ರಾವ, ದೊಡ್ಡ ಅಪಘಾತ ಇಂಥ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ. ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಗೆ ನೇರ ಸೇರಿಸಬಹುದು, ಕಾಗದ ಆಮೇಲೆ. 108 ಆಂಬ್ಯುಲೆನ್ಸ್ ಉಚಿತ.

ತುರ್ತಲ್ಲದ ಆಪರೇಷನ್, ಕೀಮೋ, ರೇಡಿಯೇಶನ್‌ಗೆ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಲಾಭ ಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಬೇಕು. ‘ಈ ಚಿಕಿತ್ಸೆ ನಮ್ಮಲ್ಲಿ ಲಭ್ಯವಿಲ್ಲ’ ಎಂದು ಅವರು ಬರೆದುಕೊಡುವ ಪತ್ರವದು. ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಮಣಿಪಾಲ ಮುಟ್ಟಿದ ಮೇಲೆ ‘ರೆಫರಲ್ ತನ್ನಿ’ ಅಂದರೆ ನೋವಿನಲ್ಲಿರುವ ರೋಗಿಯನ್ನು ಲಾಡ್ಜಿನಲ್ಲಿ ಮಲಗಿಸಿ ಮನೆಯವರೊಬ್ಬರು ತಿರುಗಿ ಬರಬೇಕು. ಒಂದು ಬೆಳಗಿನ ಕೆಲಸವನ್ನು ಹೊರಡುವ ಮೊದಲೇ ಮುಗಿಸಿಕೊಂಡರೆ ಇದು ಬೇಡ.

ಆಧಾರಲ್ಲಿ ‘ಸುಬ್ರಾಯ’, ರೇಷನ್ ಕಾರ್ಡಲ್ಲಿ ‘ಸುಬ್ಬರಾಯ’. ತೊಂದರೆ ಆಗ್ತದಾ?

ಆಗುತ್ತದೆ. ತಂದೆ ಹೆಸರು, ಅಡ್ಡಹೆಸರು, ಇನಿಶಿಯಲ್ಲು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುವುದು ನಮ್ಮ ಜಿಲ್ಲೆಯ ಹಳೆ ಸಮಸ್ಯೆ. ಆಸ್ಪತ್ರೆಯ ಮೊದಲ ಚೀಟಿಯಲ್ಲೇ ಆಧಾರದಲ್ಲಿರುವಂತೆ ಹೆಸರು ಬರೆಸಿ. ಮನೆಯಲ್ಲಿ ಕರೆಯುವ ಹೆಸರು ಹೇಳಬೇಡಿ. ಓಪಿಡಿ ಚೀಟಿಯಲ್ಲಿ ಬಂದ ಹೆಸರೇ ರಿಪೋರ್ಟು, ಬಿಲ್ಲು, ಡಿಸ್ಚಾರ್ಜ್ ಸಮರಿ ಎಲ್ಲದಕ್ಕೂ ಹೋಗುತ್ತದೆ. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರೇ ಇಲ್ಲದಿದ್ದರೆ, ಅಥವಾ ಅರ್ಹತೆಯಿದ್ದೂ ಕಾರ್ಡೇ ಇಲ್ಲದಿದ್ದರೆ, ವೈದ್ಯಕೀಯ ದಾಖಲೆ ಲಗತ್ತಿಸಿ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ. ತುರ್ತು ಚಿಕಿತ್ಸೆಯ ಕಾರಣವನ್ನು ಅರ್ಜಿಯ ಮೊದಲ ಸಾಲಲ್ಲೇ ಬರೆಯಿರಿ.

ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟೂ ಇಲ್ಲ, ಸರ್ವರೂ ಇಲ್ಲ. ತಿದ್ದುಪಡಿ ಏನಿದ್ದರೂ ಮೇ ತಿಂಗಳೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು.

## ದಾರಿ, ಔಷಧ, ದಿನನಿತ್ಯದ ಖರ್ಚು

ಕಾರವಾರದಿಂದ ಗೋವಾನೇ ಹತ್ತಿರ. ಬಾಂಬೋಳಿ ಆಸ್ಪತ್ರೆಯಲ್ಲಿ ನಮ್ಮ ಕಾರ್ಡು ನಡೀತದಾ?

ಎಲ್ಲರದ್ದೂ ನಡೆಯುವುದಿಲ್ಲ. ಆಯುಷ್ಮಾನ್ ಯೋಜನೆಯ ಕೇಂದ್ರದ ಪಾಲಾದ ಪಿಎಂ-ಜೇ ಪಟ್ಟಿಯಲ್ಲಿರುವ ಕುಟುಂಬಕ್ಕೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸೌಲಭ್ಯ ಇದೆ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿಕೊಂಡ ಕುಟುಂಬಗಳಿಗೆ ರಾಜ್ಯದ ಒಳಗೆ ಮಾತ್ರ. ನಿಮ್ಮದು ಯಾವುದೆಂದು 14555ಕ್ಕೆ ಕರೆ ಮಾಡಿ ಹೊರಡುವ ಮೊದಲೇ ಕೇಳಿ. ಬಾಂಬೋಳಿ ಆಸ್ಪತ್ರೆ ಎಂದರೆ ಗೋವಾ ವೈದ್ಯಕೀಯ ಕಾಲೇಜು, ಅಲ್ಲಿ 2018ರಿಂದ ಹೊರರಾಜ್ಯದವರಿಗೆ ಶುಲ್ಕವಿದೆ. ಮೊದಲಿನ ಹಾಗೆ ಎಲ್ಲ ಉಚಿತ ಎಂಬ ನಂಬಿಕೆಯಲ್ಲಿ ಹೋಗಬೇಡಿ.

ತಿಂಗಳಿಗೆ ಎರಡು ಸಲ ಕೀಮೋಗೆ ಹೋಗಬೇಕು. ಬಾಡಿಗೆ ಕಾರಿಗೇ ಅರ್ಧ ದುಡ್ಡು ಹೋಗ್ತಿದೆ.

ಕರಾವಳಿಯವರಿಗೆ ರೈಲು ದೊಡ್ಡ ಅನುಕೂಲ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗುವಾಗ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ 75 ಪ್ರತಿಶತ. ಡಯಾಲಿಸಿಸ್, ಕಿಡ್ನಿ ಕಸಿ, ಹೃದಯದ ಆಪರೇಷನ್ನಿಗೆ ಹೋಗುವವರಿಗೆ ಇದೇ ದರ್ಜೆಗಳಲ್ಲಿ 75 ಪ್ರತಿಶತ. ಆಸ್ಪತ್ರೆಯ ವೈದ್ಯರು ರೈಲ್ವೆಯ ನಮೂನೆಯಲ್ಲೇ ಪ್ರಮಾಣಪತ್ರ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಬೇಕು. ಅದನ್ನು ಹಿಡಿದು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಎಲ್ಲಿ ಹತ್ತಿರವೋ ಅಲ್ಲಿಯ ರಿಸರ್ವೇಶನ್ ಕೌಂಟರಿನಲ್ಲಿ ಟಿಕೆಟ್ ಮಾಡಿಸಿ. ಮೊಬೈಲಿನಲ್ಲಿ ಈ ರಿಯಾಯಿತಿ ಹುಡುಕಬೇಡಿ. ಮಣಿಪಾಲಕ್ಕೆ ಉಡುಪಿಯಲ್ಲಿ ಇಳಿದರಾಯಿತು, ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಗೆ ಹೋಗುವವರಿಗೆ ಕಾರವಾರದಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ರೈಲಿಲ್ಲ. ರೋಗಿಯೋ ಜೊತೆಗಿರುವವರೋ ಹೆಂಗಸರಾದರೆ 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ದುಡ್ಡಿಲ್ಲ. ಗಡಿ ದಾಟುವ ಗೋವಾ ಬಸ್ಸಿಗೆ ಇದು ಅನ್ವಯಿಸುವುದಿಲ್ಲ.

ಇನ್ನೊಂದು ಮಾತನ್ನು ವೈದ್ಯರ ಹತ್ತಿರ ಸಂಕೋಚವಿಲ್ಲದೆ ಕೇಳಿ: ‘ಮೊದಲ ಕೀಮೋ ಇಲ್ಲಾಯ್ತು, ಮುಂದಿನವು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯಲ್ಲೋ ಆಗಬಹುದಾ?’ ಎಷ್ಟೋ ಔಷಧಗಳನ್ನು ಹತ್ತಿರದಲ್ಲೇ ಕೊಡಿಸಲು ಬರುತ್ತದೆ. ನಾವು ಕೇಳದೆ ಅವರು ಹೇಳುವುದು ಅಪರೂಪ.

ಔಷಧಕ್ಕೇ ತಿಂಗಳಿಗೆ ಸಾವಿರಾರು ರೂಪಾಯಿ. ಕಡಿಮೆ ಮಾಡೋ ದಾರಿ ಇದೆಯಾ?

ಚೀಟಿಯಲ್ಲಿ ಬ್ರ್ಯಾಂಡಿನ ಬದಲು ಔಷಧದ ಮೂಲ ಹೆಸರು ಬರೆದುಕೊಡಿ ಎಂದು ವೈದ್ಯರನ್ನು ಕೇಳಿ, ಜನೌಷಧಿ ಅಂಗಡಿಯಲ್ಲಿ ತೋರಿಸಿ. ಬಿಪಿ, ಸಕ್ಕರೆ, ಹೃದಯದ ಮಾತ್ರೆಗಳಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಕ್ಯಾನ್ಸರ್ ಔಷಧ ಮತ್ತು ಕಸಿಯ ನಂತರದ ಔಷಧಗಳನ್ನು ಮಾತ್ರ ವೈದ್ಯರಿಗೆ ಹೇಳದೆ ಬದಲಿಸಬೇಡಿ.

ಅಪ್ಪಯ್ಯನಿಗೆ ವಾರಕ್ಕೆ ಮೂರು ಡಯಾಲಿಸಿಸ್. ಎಲ್ಲಿ ಮಾಡಿಸೋದು?

2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳ ಕೇಂದ್ರಗಳಲ್ಲಿ ಬಿಪಿಎಲ್ ರೋಗಿಗಳಿಗೆ ಉಚಿತ. ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಸರದಿ ಉದ್ದವಿದ್ದರೆ ಹೆಸರು ಬರೆಸಿ, ಅಕ್ಕಪಕ್ಕದ ತಾಲ್ಲೂಕಿನಲ್ಲೂ ವಿಚಾರಿಸಿ.

ಮಳೆಗಾಲಕ್ಕೆ ಮೊದಲೇ ಎರಡನೆಯ ಕೇಂದ್ರವೊಂದನ್ನು ಗೊತ್ತುಮಾಡಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ನಾವೆಲ್ಲ ನೋಡಿದ್ದೇವೆ. ಡಯಾಲಿಸಿಸ್ ರೋಗಿಗೆ ರಸ್ತೆ ತೆರೆಯುವವರೆಗೆ ಕಾಯುವ ಸಾವಕಾಶ ಇರುವುದಿಲ್ಲ. ನದಿಯ, ಘಾಟಿಯ ಈಚೆಗೊಂದು ಕೇಂದ್ರ, ಆಚೆಗೊಂದು ಕೇಂದ್ರ ಗೊತ್ತಿರಲಿ, ಎರಡೂ ಕಡೆ ರಿಪೋರ್ಟಿನ ಪ್ರತಿ ಇರಲಿ. ಬೇರೆ ರೋಗಿಗಳ ಮನೆಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನದ ಔಷಧ ಮುಂಗಡವಾಗಿ ಇರಬೇಕು.

ಮಂಗನ ಕಾಯಿಲೆಗೂ ಇದೇ ಕಾರ್ಡು ಬೇಕಾ?

ಸಿದ್ದಾಪುರ, ಹೊನ್ನಾವರದ ಮಲೆನಾಡು ಭಾಗದವರು ಕೇಳುವ ಪ್ರಶ್ನೆ. ಮಂಗನ ಕಾಯಿಲೆಯ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಭರಿಸುತ್ತದೆ, ಎಪಿಎಲ್ ಅನ್ನುವ ಕಾರಣಕ್ಕೆ ಹಿಂಜರಿಯಬೇಡಿ. ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕ್ಷಯ ರೋಗಿಗಳಿಗೆ ಔಷಧ ಉಚಿತ, ಅದರ ಮೇಲೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು.

## ಕಾರ್ಡು ಸಾಲದಾದಾಗ

ಐದು ಲಕ್ಷ ಮುಗೀತು. ಮುಖ್ಯಮಂತ್ರಿ ನಿಧಿ, ಪ್ರಧಾನಿ ನಿಧಿ ಅಂತ ಹೇಳ್ತಾರಲ್ಲ, ಅದು ನಮ್ಮಂಥವರಿಗೆ ಸಿಗ್ತದಾ?

ಸಿಗುತ್ತದೆ, ಖರ್ಚಿನ ಒಂದು ಪಾಲು ಮಾತ್ರ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಚಿಕಿತ್ಸೆ ಮುಗಿದ ಮೇಲೂ ಅರ್ಜಿ ಹಾಕಬಹುದು: ಮೂಲ ಬಿಲ್ಲು, ಡಿಸ್ಚಾರ್ಜ್ ಸಮರಿ, ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಬೇಕು. ಶಾಸಕರ ಪತ್ರ ಇದ್ದರೆ ಅರ್ಜಿ ಮುಂದೆ ಸರಿಯಲು ಅನುಕೂಲ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಬೇರೆ ಥರ. ಅಲ್ಲಿ ಆಸ್ಪತ್ರೆ ಕೊಡುವ ಅಂದಾಜು ಖರ್ಚಿನ ಪತ್ರದ ಮೇಲೆ ಮುಂಚಿತವಾಗಿ ಅರ್ಜಿ ಹೋಗಬೇಕು, ಹಣ ನೇರ ಆಸ್ಪತ್ರೆಗೆ ಬರುತ್ತದೆ. ಸಂಸದರ ಕಚೇರಿಯ ಮೂಲಕ ಕಳಿಸುವುದು ರೂಢಿ.

ಬಿಪಿಎಲ್ ರೋಗಿ ಸರ್ಕಾರಿ ಆಸ್ಪತ್ರೆಯಲ್ಲಿದ್ದು, ಬೇಕಾದ ಚಿಕಿತ್ಸೆ ಆಯುಷ್ಮಾನ್ ಪಟ್ಟಿಯಲ್ಲಿ ಇಲ್ಲದಿದ್ದರೆ ರಾಷ್ಟ್ರೀಯ ಆರೋಗ್ಯ ನಿಧಿಯ ಬಗ್ಗೆ ಅಲ್ಲಿಯ ಸಮಾಜ ಕಾರ್ಯಕರ್ತರನ್ನು ಕೇಳಿ. ಖರ್ಚಾಗಿ ಹೋದ ದುಡ್ಡನ್ನು ಈ ನಿಧಿ ಕೊಡುವುದಿಲ್ಲ.

ಅಪರೂಪದ ಆನುವಂಶಿಕ ಕಾಯಿಲೆಯ ಮಕ್ಕಳಿಗೆ 2021ರ ರಾಷ್ಟ್ರೀಯ ನೀತಿಯಡಿ 50 ಲಕ್ಷದವರೆಗೆ ನೆರವಿದೆ. ಇದಕ್ಕೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಮೂಲಕವೇ ಹೋಗಬೇಕು.

ಮೂಲ ಬಿಲ್ಲು ಒಂದೇ. ಎಲ್ಲರೂ ಅದನ್ನೇ ಕೇಳ್ತಾರೆ. ಏನು ಮಾಡೋದು?

ವಿಮೆಯಿದ್ದರೆ ಮೊದಲು ವಿಮೆಗೆ ಕೊಡಿ. ಅವರು ಎಷ್ಟು ಕೊಟ್ಟರು, ಎಷ್ಟು ಕಡಿತ ಮಾಡಿದರು ಎಂಬ ಪತ್ರವನ್ನೂ ಬಿಲ್ಲಿನ ದೃಢೀಕೃತ ಪ್ರತಿಯನ್ನೂ ಪಡೆದು, ಉಳಿದ ಮೊತ್ತಕ್ಕೆ ಬೇರೆ ಕಡೆ ಅರ್ಜಿ ಹಾಕಿ. ಒಂದೇ ಖರ್ಚನ್ನು ಎರಡು ಕಡೆ ಪೂರ್ತಿ ಕೇಳಿದರೆ ಎರಡೂ ತಪ್ಪಿಹೋಗುವ ಭಯವಿದೆ. ಮೂಲ ಕಾಗದ ಯಾರಿಗೆ ಕೊಟ್ಟರೂ ಕೊಡುವ ಮೊದಲು ಫೋಟೋ ತೆಗೆಯಿರಿ, ಸ್ವೀಕೃತಿ ಪಡೆಯಿರಿ. ಔಷಧದಂಗಡಿಯ ಬಿಲ್ಲಿನ ಅಕ್ಷರ ಕೆಲ ತಿಂಗಳಲ್ಲೇ ಮಾಸಿಹೋಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ.

ವಿಮೆ ಕಂಪನಿಯವರು ‘ಹಳೇ ಕಾಯಿಲೆ ಮುಚ್ಚಿಟ್ಟಿದ್ದೀರಿ’ ಅಂತ ತಿರಸ್ಕರಿಸಿದ್ರು. ಮುಂದೆ?

ಕಾರಣವನ್ನು ಬರಹದಲ್ಲಿ ಕೇಳಿ. ಪಾಲಿಸಿ ನಿರಂತರವಾಗಿ ಐದು ವರ್ಷ ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು ಈ ಕಾರಣ ಕೊಡುವಂತಿಲ್ಲ ಎಂಬುದು 2024ರಿಂದ ಇರುವ ನಿಯಮ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ.

ಗಂಡ ಗಾರೆ ಕೆಲಸದವರು, ಈಗ ಮಲಗಿದ್ದಾರೆ. ಕೆಲಸದ ಕಡೆಯಿಂದ ಏನಾದರೂ?

ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಚಾಲ್ತಿಯಲ್ಲಿದ್ದರೆ ದೊಡ್ಡ ಕಾಯಿಲೆಗೆ 2 ಲಕ್ಷದವರೆಗೆ ವೈದ್ಯಕೀಯ ನೆರವು ಇದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ, ಕಾರ್ಡಿನ ನವೀಕರಣ ತಪ್ಪಿಸಬೇಡಿ. ಇಎಸ್‌ಐ ಎಂಬ ಕಾರ್ಮಿಕರ ವಿಮೆ ಇರುವ ಕಾರ್ಖಾನೆ, ಅಂಗಡಿಯ ಕೆಲಸಗಾರರಿಗೆ ಕಾಯಿಲೆಯ ರಜೆಯಲ್ಲಿ 91 ದಿನದವರೆಗೆ ಕೂಲಿಯ 70 ಪ್ರತಿಶತ ಸಿಗುತ್ತದೆ. ಕ್ಯಾನ್ಸರ್, ಕ್ಷಯದಂಥ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದ್ದರೆ 80 ಪ್ರತಿಶತದಂತೆ ಎರಡು ವರ್ಷದವರೆಗೂ ಮುಂದುವರಿಯಬಹುದು. ಪಿಎಫ್ ಇದ್ದರೆ ತನ್ನ ಅಥವಾ ಮನೆಯವರ ಚಿಕಿತ್ಸೆಗೆ ಅದರಿಂದ ತೆಗೆಯಬಹುದು, ಅದು ಸಾಲವಲ್ಲ.

ತೋಟ ಮಾರಿಬಿಡೋದೇ ದಾರಿ ಅನ್ನಿಸ್ತಿದೆ.

ಈ ಮಾತು ಕೇಳಿದಾಗೆಲ್ಲ ನಾನು ಒಂದೇ ಹೇಳುತ್ತೇನೆ: ಅಂದಾಜು ಖರ್ಚನ್ನು ಬರಹದಲ್ಲಿ ಪಡೆಯುವವರೆಗೆ, ಆರೋಗ್ಯಮಿತ್ರರ ಹತ್ತಿರ ಮಾತಾಡುವವರೆಗೆ ತೋಟದ ಮಾತು ಎತ್ತಬೇಡಿ. ಇದೇ ಚಿಕಿತ್ಸೆ ಕಿದ್ವಾಯಿಯಲ್ಲಿ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಷ್ಟಾಗುತ್ತದೆ ಎಂದು ಕೇಳಿ ನೋಡಿ. ಗುಣವಾಗುವ ಸಾಧ್ಯತೆ ಎಷ್ಟು, ಚಿಕಿತ್ಸೆ ಯಾವುದಕ್ಕಾಗಿ ಎಂದು ವೈದ್ಯರನ್ನು ನೇರ ಕೇಳುವುದು ರೋಗಿಗೆ ಮಾಡುವ ಅನ್ಯಾಯವಲ್ಲ. ಕಾಯಿಲೆಯವರ ನಂತರವೂ ಮನೆಯಲ್ಲಿ ಉಣ್ಣುವವರಿದ್ದಾರೆ, ಅವರ ಅನ್ನವನ್ನೂ ಯೋಚಿಸಬೇಕು.

## ಆರೈಕೆ ಮಾಡುವವರು ಕೇಳುವುದು

ಅತ್ತೆಗೆ ಲಕ್ವ ಹೊಡೆದು ಎರಡು ವರ್ಷ. ನೋಡಿಕೊಳ್ಳೋ ನನಗೆ ಏನಾದರೂ ಸಿಗ್ತದಾ?

ಮೊದಲು ಅತ್ತೆಯ ಹೆಸರಲ್ಲಿ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಲಕ್ವದಿಂದ ಕೈಕಾಲು ಸ್ವಾಧೀನ ತಪ್ಪಿದ್ದು ಅಂಗವೈಕಲ್ಯವೇ. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸೇಮಿಯಾ ಕೂಡ ಇವೆ. ವೈದ್ಯಕೀಯ ಮಂಡಳಿ ಕೊಡುವ ಪ್ರತಿಶತದ ಮೇಲೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬೇಕು: 40ರಿಂದ 75ರೊಳಗಿದ್ದರೆ 800, ಅದರ ಮೇಲೆ 1,400 ರೂಪಾಯಿ. ಆರೈಕೆ ಮಾಡುವವರಿಗೆಂದೇ ತಿಂಗಳಿಗೆ 1,000 ರೂಪಾಯಿಯನ್ನು 2024-25ರ ರಾಜ್ಯ ಬಜೆಟ್ ಘೋಷಿಸಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಈ ನಾಲ್ಕಕ್ಕೆ. ಲಕ್ವ ಅದರಲ್ಲಿಲ್ಲ. ಹಗಲೂ ರಾತ್ರಿ ಮಗ್ಗುಲು ತಿರುಗಿಸುವ ಸೊಸೆಗೆ, ಮಗಳಿಗೆ ಏನೂ ಇಲ್ಲದಿರುವುದು ಸರಿಯಲ್ಲ, ಈ ಪಟ್ಟಿ ಬೆಳೆಯಬೇಕು.

ಆದಾಯ ತೆರಿಗೆ ಕಟ್ಟುವವರು ಹಳೆ ಪದ್ಧತಿಯಲ್ಲಿದ್ದರೆ, ಅವಲಂಬಿತ ಅಂಗವಿಕಲರಿಗಾಗಿ 75,000, ತೀವ್ರ ವೈಕಲ್ಯಕ್ಕೆ 1,25,000 ರೂಪಾಯಿ ಕಡಿತ ಪಡೆಯಬಹುದು.

ಅಪ್ಪನಿಗೆ ಸಹಿ ಮಾಡಲು ಆಗ್ತಿಲ್ಲ. ದುಡ್ಡು ಖಾತೆಯಲ್ಲೇ ಇದೆ, ತೆಗೆಯಲಿಕ್ಕಾಗ್ತಿಲ್ಲ.

ಹೆಬ್ಬೆಟ್ಟಿನ ಗುರುತು ಸಾಕು. ಬ್ಯಾಂಕಿಗೆ ಬರಲಾಗದ ರೋಗಿಯ ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಎಪ್ಪತ್ತು ದಾಟಿದವರಿಗೆ, ದೀರ್ಘ ಕಾಯಿಲೆಯವರಿಗೆ ಮನೆಬಾಗಿಲ ಸೇವೆ ಕೊಡಬೇಕೆಂಬ ಸೂಚನೆಯೂ ಇದೆ. ಮ್ಯಾನೇಜರರಿಗೆ ವೈದ್ಯರ ಪತ್ರ ಲಗತ್ತಿಸಿ ಬರಹದಲ್ಲಿ ಕೇಳಿ. ಅಪ್ಪನಿಗೆ ಪ್ರಜ್ಞೆ, ತಿಳಿವಳಿಕೆ ಚೆನ್ನಾಗಿರುವಾಗಲೇ ಖಾತೆಯನ್ನು ಜಂಟಿ ಮಾಡಿಸಿ, ನಾಮಿನಿ ಸರಿಯಿದೆಯೇ ನೋಡಿ. ಪಿಂಚಣಿಯ ಜೀವಂತ ಪ್ರಮಾಣಪತ್ರವನ್ನು ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ.

ಡಾಕ್ಟರು ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಅಂದ್ರು. ನೋವು ನೋಡಲಿಕ್ಕಾಗ್ತಿಲ್ಲ.

ಕಾಯಿಲೆಗೆ ಚಿಕಿತ್ಸೆ ಮುಗಿದರೂ ನೋವಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಅದಕ್ಕೆ ಉಪಶಾಮಕ ಆರೈಕೆ, ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಮನೆಗೆ ಹೊರಡುವ ಮೊದಲು ನೋವಿನ ಔಷಧದ ಚೀಟಿ, ಡೋಸು ಹೆಚ್ಚಿಸುವ ಕ್ರಮ, ರಾತ್ರಿ ಕರೆ ಮಾಡಬಹುದಾದ ನಂಬರು ಈ ಮೂರನ್ನೂ ಬರೆಸಿಕೊಳ್ಳದೆ ಡಿಸ್ಚಾರ್ಜ್ ಪಡೆಯಬೇಡಿ. ಮಾರ್ಫಿನ್ ಮಾತ್ರೆ ಅಗ್ಗದ್ದು, ಆದರೆ ಅನುಮತಿ ಇರುವ ಆಸ್ಪತ್ರೆಯಲ್ಲೇ ಸಿಗುವುದು. ಹಾಗಾಗಿ ಮನೆಯಲ್ಲಿ ಖಾಲಿಯಾಗುವ ಒಂದು ವಾರ ಮೊದಲೇ ತರಬೇಕು. ವೈದ್ಯರು ಹೇಳಿದ ಲೆಕ್ಕದಲ್ಲಿ ನೋವಿಗೆ ಕೊಟ್ಟರೆ ಚಟ ಹತ್ತುತ್ತದೆಂಬ ಹೆದರಿಕೆ ಬೇಡ. ಬೆಂಗಳೂರಿನ ಕರುಣಾಶ್ರಯದಲ್ಲಿ ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ.

ನನಗೇ ನಿದ್ದೆ ಇಲ್ಲ, ಸಿಟ್ಟು ಬರ್ತದೆ, ಆಮೇಲೆ ಅಳು. ಯಾರ ಹತ್ತಿರ ಹೇಳೋದು?

14416 ಟೆಲಿ-ಮಾನಸ್, ಮನಸ್ಸಿನ ಕಷ್ಟ ಕೇಳುವ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿ, ಕನ್ನಡದಲ್ಲಿ, ಉಚಿತ. ವಾರಕ್ಕೆ ಅರ್ಧ ದಿನವಾದರೂ ತಂಗಿಯೋ ಭಾವನೋ ನೆರೆಮನೆಯವರೋ ಬಂದು ಕೂರುವಂತೆ ನೀವೇ ಬಾಯಿಬಿಟ್ಟು ಕೇಳಿ. ‘ಏನಾದರೂ ಬೇಕಾದರೆ ಹೇಳು’ ಅಂದವರಿಗೆ ‘ಗುರುವಾರ ಮಧ್ಯಾಹ್ನ ಎರಡು ತಾಸು ಬಾ’ ಎಂದು ಹೇಳಿಬಿಡಿ.

‘ನಿಧಿಯಿಂದ ದುಡ್ಡು ಮಾಡಿಸಿಕೊಡ್ತೇನೆ, ಹತ್ತು ಪರ್ಸೆಂಟ್ ಕೊಡಿ’ ಅಂತ ಒಬ್ಬರು ಬಂದಿದ್ದಾರೆ.

ಕಳಿಸಿಬಿಡಿ. ಪರಿಹಾರ ನಿಧಿಯ ಅರ್ಜಿಗೆ ಶುಲ್ಕವೇ ಇಲ್ಲ. ಓಟಿಪಿ ಕೇಳಿದವರಿಗೆ, ಮೂಲ ಕಾಗದ ಒಯ್ಯುತ್ತೇನೆ ಅಂದವರಿಗೆ ಎರಡನ್ನೂ ಕೊಡಬೇಡಿ.

ಅವರು ಹೋಗಿಬಿಟ್ರು. ಇನ್ನೂ ಯಾವುದಾದರೂ ಕಾಗದ ಮಾಡಬೇಕಾ?

ದುಃಖದ ನಡುವೆ ಕೇಳಲಿಕ್ಕೂ ಕಷ್ಟವಾಗುವ ಪ್ರಶ್ನೆ, ಆದರೆ ಬಿಡಬೇಡಿ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು, ಪ್ರಮಾಣಪತ್ರದ ಹಲವು ಪ್ರತಿ ತೆಗೆದಿಡಿ. ಬಿಪಿಎಲ್ ಕುಟುಂಬದ ದುಡಿಯುವ ವ್ಯಕ್ತಿ ಅರವತ್ತರೊಳಗೆ ತೀರಿಹೋದರೆ ರಾಷ್ಟ್ರೀಯ ಕುಟುಂಬ ನೆರವಿನಿಂದ 20,000 ರೂಪಾಯಿ ಇದೆ, ನಾಡಕಚೇರಿಯಲ್ಲಿ ಅರ್ಜಿ. ವಿಧವಾ ವೇತನದ ಅರ್ಜಿಯೂ ಅಲ್ಲೇ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಅದು ಜೀವನ ಜ್ಯೋತಿ ವಿಮೆ, ನಾಮಿನಿಗೆ 2 ಲಕ್ಷ ರೂಪಾಯಿ ಬರಬೇಕು. ಎಷ್ಟೋ ಮನೆಯವರಿಗೆ ಈ ವಿಮೆ ಇದ್ದದ್ದೇ ಗೊತ್ತಿರುವುದಿಲ್ಲ. ಮರಣ ಪ್ರಮಾಣಪತ್ರ, ನಾಮಿನಿಯ ಆಧಾರ್, ಪಾಸ್‌ಬುಕ್ಕು ಹಿಡಿದು ಆ ಖಾತೆಯಿರುವ ಬ್ಯಾಂಕ್ ಶಾಖೆಗೆ ಹೋಗಿ ಕ್ಲೇಮ್ ಫಾರ್ಮ್ ಕೇಳಿ.